ಗಾಡಿಗೆ ಪಾಠ

ಬೆಳಿಗ್ಗೆ ಎಂಟೂವರೆಗೆ ರಿಂಗ್ ರೋಡಿನ ತೀರ ಎಡಗಡೆಯಲ್ಲಿ, ನಾಲ್ಕೂ ಕಿಟಕಿ ಮುಚ್ಚಿ, ಎಸಿ ಹಾಕದೆ, ನಲವತ್ತರ ಮೇಲೆ ಕೂದಲೆಳೆಯಷ್ಟೂ ಹೋಗದ ಹಾಗೆ ಗಾಡಿ ಓಡಿಸುತ್ತಿದ್ದವನಿಗೆ ಹಿಂದಿನ ಕಸದ ಲಾರಿಯವನು ಮೂರನೆಯ ಸಲ ಹಾರ್ನ್ ಹೊಡೆದ. ಅವನು ಕೇಳಿಸದವನಂತೆ ಕೂತ. ಲಾರಿಯವನು ಪಕ್ಕಕ್ಕೆ ಬಂದು, ಕತ್ತು ಹೊರಗೆ ಹಾಕಿ, "ಏನ್ ಸಾರ್, ಹೊಸಾ ಗಾಡಿ ತಳ್ಳಬೇಕಾ?" ಎಂದು ಕೇಳಿ ನಕ್ಕು ಮುಂದೆ ಹೋದ. ಬೆವರು ಹುಬ್ಬು ದಾಟಿ ಕಣ್ಣಿಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಕಾಲು ಅಲುಗೀತು, ಕಾಲು ಅಲುಗಿದರೆ ಅಂಕಿ ಇಳಿದೀತು ಎಂದು ಹಾಗೇ ಬಿಟ್ಟ. ಹಿಂದಿನ ಸೀಟಿನ ಕೊಕ್ಕೆಗೆ ಇಸ್ತ್ರಿ ಮಾಡಿದ ಇನ್ನೊಂದು ಅಂಗಿ ತೂಗುತ್ತಿತ್ತು. ಮುಂದಿನ ಪರದೆಯ ಮೇಲೆ ಅಂಕಿ ನಾನೂರ ತೊಂಬತ್ತೊಂದಿದ್ದದ್ದು ತೊಂಬತ್ತಾರಾಯಿತು. ಐನೂರು ದಾಟಿದ ಮೇಲೆ ಶೋರೂಮಿಗೆ ಹಿಂತಿರುಗಬಹುದು. ಐನೂರು ದಾಟಿದ ಗಾಡಿಯನ್ನೇ ಬಾಗಿಲ ಮುಂದೆ ನಿಲ್ಲಿಸಬೇಕು, ಬಂದ ಗಿರಾಕಿ ಅದರಲ್ಲೇ ಕೂತು ಅಂಕಿ ನೋಡಿ ಕಣ್ಣರಳಿಸಬೇಕು. ಇದು ಅವರ ಶೋರೂಮಿನ ದಿನದ ಮೊದಲ ಕೆಲಸ, ಹತ್ತು ತಿಂಗಳಿಂದ ಅವನೊಬ್ಬನದೇ ಕೆಲಸ.

ಈ ಅಂಕಿಯ ಗುಟ್ಟು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಇನ್ನೆಷ್ಟು ಕಿಲೋಮೀಟರು ಹೋಗಬಹುದೆಂದು ಗಾಡಿ ಹೇಳುವುದು ಬ್ಯಾಟರಿಯನ್ನು ಮಾತ್ರ ನೋಡಿ ಅಲ್ಲ. ಹಿಂದಿನ ಐವತ್ತು ಕಿಲೋಮೀಟರು ಹೇಗೆ ಓಡಿಸಿದರೋ ಮುಂದೆಯೂ ಹಾಗೇ ಓಡಿಸುತ್ತಾರೆಂದು ನಂಬಿ ಒಂದು ಊಹೆ ಮಾಡುತ್ತದೆ. ಪಾಪದ ಗಾಡಿ, ನಂಬುವುದೊಂದೇ ಅದಕ್ಕೆ ಗೊತ್ತು. ಆದ್ದರಿಂದ ದಿನಾ ಬೆಳಿಗ್ಗೆ ಯಾರಾದರೂ ಒಬ್ಬರು ಗಾಣದೆತ್ತಿನ ಹಾಗೆ ರಿಂಗ್ ರೋಡು ಸುತ್ತಿ, ಲೋಕದಲ್ಲಿ ಜನ ಹೀಗೇ ಓಡಿಸುತ್ತಾರೆ ಎಂದು ಅದಕ್ಕೆ ಕಲಿಸಬೇಕು. ಅವನ ಕಾಲು ಹುಟ್ಟಾ ಮೆತ್ತಗೆ. ಮೊದಲನೆಯ ದಿನವೇ ಅಂಕಿ ಐನೂರ ಹತ್ತಕ್ಕೆ ಏರಿದ್ದು ನೋಡಿ, ಅವನಿಗಿಂತ ಹನ್ನೊಂದು ವರ್ಷ ಚಿಕ್ಕವನಾದ ಮ್ಯಾನೇಜರ್ ಎಲ್ಲರ ಮುಂದೆ ಬೆನ್ನು ತಟ್ಟಿ, "ನೀವು ಗಾಡಿಗೆ ಪಾಠ ಹೇಳೋ ಮೇಷ್ಟ್ರು ಕಣ್ರೀ" ಎಂದಿದ್ದ. ಅಂದಿನಿಂದ ಅವನು ಮೇಷ್ಟ್ರು. ಇದು ಸರಿಯಾ ಎಂದು ಒಂದು ಸಲ, ಒಂದೇ ಸಲ, ಕೇಳಿದ್ದಕ್ಕೆ ಮ್ಯಾನೇಜರ್, "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ ಮೇಷ್ಟ್ರೇ. ನಾವು ಒಂದು ಸುಳ್ಳೂ ಹೇಳ್ತಿಲ್ಲ. ಹೇಳ್ತಿರೋದು ಗಾಡಿ" ಎಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಆ ನಗು ಈಗ ನೆನಪಾದರೆ ಕೆನ್ನೆ ಬಿಸಿಯಾಗುತ್ತದೆ.

ಫೋನು ಬಡಿದುಕೊಂಡಿತು. ಅಕ್ಕ. ಐದು ದಿನದಿಂದ ಅಕ್ಕನ ಹೆಸರು ಪರದೆಯ ಮೇಲೆ ಮೂಡಿದರೆ ಅದು ತಾನಾಗಿ ನಿಂತುಹೋಗಲೆಂದು ಕಾಯುತ್ತಿದ್ದ. ತೆಗೆಯದೆ ಇರಲಾಗಲಿಲ್ಲ.

"ಲೋ ಪುಟ್ಟ, ರಾತ್ರಿಯೆಲ್ಲಾ ಚಾರ್ಜಿಗೆ ಹಾಕಿದ್ದೆ. ಬ್ಯಾಟರಿ ಪೂರ್ತಿ ತುಂಬಿದೆ. ಆದ್ರೆ ಮುನ್ನೂರ ಮೂವತ್ತೆಂಟು ಅಂತ ತೋರಿಸ್ತಿದೆಯಲ್ಲೋ! ನೀನು ತಂದು ಕೊಟ್ಟಾಗ ಐನೂರ ಹನ್ನೆರಡು ಇತ್ತು. ಐದೇ ದಿನಕ್ಕೆ ಗಾಡಿ ಕೆಟ್ಟುಹೋಯ್ತಾ?"

"ಕೆಟ್ಟಿಲ್ಲ ಅಕ್ಕ."

"ಮತ್ತೆ? ನಾಳೆ ಬೆಳಿಗ್ಗೆ ಐದಕ್ಕೆ ಆಸ್ಪತ್ರೆಗೆ ಹೊರಡಬೇಕು. ಹೋಗಿಬರೋಕೆ ಮುನ್ನೂರ ಎಂಬತ್ತು. ನಿಮ್ಮ ಭಾವ ಬೇರೆ ಈ ಅಂಕಿ ನೋಡಿ ಒಂದೂ ಮಾತಾಡದೆ ಕೂತಿದಾರೆ."

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರಲಿಕ್ಕಿಲ್ಲ ಎಂದು ಅವನಿಗೆ ಹೊಳೆಯಿತು. ಅಕ್ಕ, ಈಗ ತೋರಿಸುತ್ತಿರುವುದೇ ನಿಜ, ಐನೂರ ಹನ್ನೆರಡು ನಾನು ಕಲಿಸಿದ್ದು. ಇಷ್ಟೇ ಮಾತು. ನಾಲಿಗೆಯ ಮೇಲೆ ಬಿಸಿತುಪ್ಪದಂತೆ ಕೂತಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. "ಸಂಜೆ ಬಂದು ನೋಡ್ತೀನಿ" ಎಂದ. "ಬಂದುಬಿಡೋ ರಾಜ, ನಿನ್ನನ್ನೇ ನಂಬಿರೋದು" ಎಂದು ಅಕ್ಕ ಫೋನ್ ಇಟ್ಟಳು. ಗಾಡಿಯ ಪರದೆಯ ಮೇಲೆ ಐನೂರ ಮೂರು ಬಂದಿತ್ತು.

ಅಕ್ಕ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಳೆದವಳು. ಐವತ್ತೆರಡನೆಯ ವಯಸ್ಸಿನಲ್ಲಿ, ಗಂಡನನ್ನು ಆಸ್ಪತ್ರೆಗೆ ಕರೆದೊಯ್ಯಲೆಂದೇ ಡ್ರೈವಿಂಗ್ ಕಲಿತಳು. ಆದರೆ ಅವಳ ಕಾಲಿಗೆ ಗೊತ್ತಿದ್ದದ್ದು ಕಾರ್ಖಾನೆಯ ಹೊಲಿಗೆ ಯಂತ್ರದ ಪೆಡಲು. ಒತ್ತಿದರೆ ಪೂರ್ತಿ ಒತ್ತಬೇಕು, ಬಿಟ್ಟರೆ ಪೂರ್ತಿ ಬಿಡಬೇಕು. ನಡುವಿನದು ಅವಳ ಕಾಲಿಗೆ ಬರುವುದೇ ಇಲ್ಲ. ಐದು ದಿನ ಅವಳ ಕಾಲಕೆಳಗೆ ಓಡಿದ ಗಾಡಿ ಅವನು ಹೇಳಿಕೊಟ್ಟ ಪಾಠವನ್ನೆಲ್ಲ ಮರೆತು ನಿಜ ಹೇಳತೊಡಗಿತ್ತು. ಅವನು ಎಡಕ್ಕೆ ತಿರುಗಿ ಶೋರೂಮಿನ ಹಿಂಬದಿಗೆ ಬಂದು ಗಾಡಿ ನಿಲ್ಲಿಸಿದ. ಒದ್ದೆ ಅಂಗಿ ಬಿಚ್ಚಿ ಒಣಗಿದ ಅಂಗಿ ಹಾಕಿಕೊಂಡ. ಗಾಜಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಕಡಿಮೆ ಬೆಲೆ, ಉದ್ದ ದಾರಿ' ಎಂದಿದ್ದದ್ದು ಒಳಗಿನಿಂದ ನೋಡಿದರೆ ತಿರುಗುಮುರುಗಾಗಿ ಕಾಣುತ್ತಿತ್ತು.

ಹನ್ನೊಂದಕ್ಕೆ ಒಬ್ಬ ಔಷಧಿ ಅಂಗಡಿಯವನು ಹೆಂಡತಿಯ ಜೊತೆ ಬಂದ. ಬೆಲೆ ಕೇಳಿದ, ಕೊಳ್ಳುವುದು ಬೇಡವೆಂದರೆ ಲೀಸು ಹೇಗೆ ಎಂದು ಕೇಳಿದ. ಮೂರು ವರ್ಷ, ತಿಂಗಳಿಗಿಷ್ಟು, ವಿಮೆ ನಮ್ಮದೇ, ಮುಗಿದ ಮೇಲೆ ವಾಪಸ್ ಕೊಟ್ಟು ಹೊಸದು ಒಯ್ಯಬಹುದು, ನಡುವೆ ಬಿಟ್ಟರೆ ಮಾತ್ರ ಮುಂಗಡ ಹೋಗುತ್ತದೆ. ಅವನ ಬಾಯಿ ತಾನೇ ತಾನಾಗಿ ಹೇಳುತ್ತಾ ಹೋಯಿತು. ಹೆಂಡತಿ ಸ್ಟಿಯರಿಂಗ್ ಹಿಂದೆ ಕೂತು, "ಐನೂರಾ ಮೂರಾ! ಅಯ್ಯೋ, ನಮ್ಮ ತೌರಿಗೆ ಎರಡು ಸಲ ಹೋಗಿ ಬರಬಹುದು" ಎಂದಳು. ಅಕ್ಕನೂ ಹೀಗೇ ಕೂತಿದ್ದಳು, ಈಗ ಅವಳ ಮನೆಯ ಮುಂದಿರುವ ಗಾಡಿಯಲ್ಲೇ. ಅಂಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದ್ದಳು, ಹೊಸ ಬಟ್ಟೆಯ ನೇಯ್ಗೆಯನ್ನು ಮುಟ್ಟಿ ನೋಡುವ ಹಾಗೆ. ಅವತ್ತು ಅವನು ನಿಜಕ್ಕೂ ತೀರ್ಮಾನ ಮಾಡಿಕೊಂಡು ಬಂದಿದ್ದ. ಗಾಡಿಯನ್ನು ಮೇಲ್ಸೇತುವೆಗೆ ಹತ್ತಿಸಿ, ಎಸಿ ಹಾಕಿ, ನೂರರಲ್ಲಿ ಹೊಡೆದು, ಅಂಕಿ ಸರಸರ ಇಳಿಯುವುದನ್ನು ಅಕ್ಕನಿಗೆ ತೋರಿಸಬೇಕು, ಬಾಯಲ್ಲಿ ಹೇಳಲಾಗದ್ದನ್ನು ಗಾಡಿಯೇ ಹೇಳಲಿ. ಆದರೆ ಕಾಲು ಬಗ್ಗಲಿಲ್ಲ. ಹತ್ತು ತಿಂಗಳು ಗಾಡಿಗೆ ಪಾಠ ಹೇಳಿದವನಿಗೆ ಗಾಡಿಯೂ ಒಂದು ಪಾಠ ಹೇಳಿತ್ತು. ಒತ್ತು ಒತ್ತು ಎಂದು ಮನಸ್ಸು ಅರಚುತ್ತಿದ್ದರೂ ಪಾದ ಮೊಟ್ಟೆಯ ಮೇಲೆ ಇಟ್ಟಂತೆ ಹಗುರವಾಗಿ ಕೂತೇ ಇತ್ತು. ಅಂಕಿ ಐನೂರ ಒಂಬತ್ತರಿಂದ ಐನೂರ ಹನ್ನೆರಡಕ್ಕೆ ಏರಿತು. "ನೋಡ್ರೀ, ಓಡಿದ ಹಾಗೆಲ್ಲಾ ಜಾಸ್ತಿ ಆಗತ್ತೆ!" ಎಂದು ಅಕ್ಕ ಹಿಂದಿನ ಸೀಟಿನಲ್ಲಿದ್ದ ಭಾವನಿಗೆ ಹೇಳಿ ಚಪ್ಪಾಳೆ ತಟ್ಟಿದಳು.

ಲೀಸಿಗೆ ಸಹಿ ಹಾಕುವ ಮುಂಚೆ ಅಕ್ಕ ಪೆನ್ನು ಹಿಡಿದು ಕೇಳಿದ್ದಳು: "ನಮಗೆ ಇದು ಸಾಕಲ್ವೇನೋ?" ದೊಡ್ಡ ಬ್ಯಾಟರಿಯ ಗಾಡಿ ಪಕ್ಕದಲ್ಲೇ ಇತ್ತು, ಅದರ ತಿಂಗಳ ಕಂತು ಅವಳ ಕೈಗೆ ಎಟುಕುವಂತಿರಲಿಲ್ಲ. ಮ್ಯಾನೇಜರ್ ಹಿಂದೆಯೇ ನಿಂತು ಏನೋ ಕಾಗದ ತಿರುವುತ್ತಿದ್ದ. "ಸಾಕು ಅಕ್ಕ. ಹೆದ್ದಾರೀಲಿ ಸ್ವಲ್ಪ ಕಡಿಮೆ ಬರಬಹುದು." "ಸ್ವಲ್ಪ ತಾನೇ?" "ಹೂಂ, ಸ್ವಲ್ಪ." ನೂರ ಎಪ್ಪತ್ತು ಕಿಲೋಮೀಟರನ್ನು ಸ್ವಲ್ಪ ಎಂದ ನಾಲಿಗೆ ಇದು. ಕಮಿಷನ್ನಿಗಾಗಿ ಹೇಳಿದ್ದಲ್ಲ ಎಂದು ಅವನು ತನಗೆ ತಾನೇ ಹಲವು ಸಲ ಹೇಳಿಕೊಂಡಿದ್ದ. ಮ್ಯಾನೇಜರಿಗೆ ಹೆದರಿ ಹೇಳಿದ್ದೂ ಅಲ್ಲ, ಅಥವಾ ಅದಷ್ಟೇ ಅಲ್ಲ. ತಾಯಿಯಿಲ್ಲದ ಮನೆಯಲ್ಲಿ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು, ನಲವತ್ತಮೂರು ವರ್ಷದಲ್ಲಿ ಮೊದಲ ಸಲ ಅವನ ಹತ್ತಿರ ಏನನ್ನೋ ಕೇಳಿಕೊಂಡು ಬಂದಿದ್ದಳು. ಆ ಅಂಕಿ ನೋಡಿ ಅರಳಿದ ಮುಖವನ್ನು ತನ್ನ ಕೈಯಾರೆ ಬಾಡಿಸಲು ಅವನಿಂದ ಆಗಲಿಲ್ಲ. ಔಷಧಿ ಅಂಗಡಿಯವನ ಹೆಂಡತಿ, "ಏನ್ರೀ, ಎಷ್ಟು ಸಲ ಕೇಳೋದು? ಬಿಳಿ ಬಣ್ಣದ್ದು ಯಾವಾಗ ಬರತ್ತೆ?" ಎನ್ನುತ್ತಿದ್ದಳು.

ಮೂರು ಗಂಟೆಗೆ ಅವನು ಮ್ಯಾನೇಜರನ ಮೇಜಿನ ಮುಂದೆ ನಿಂತು ಇವತ್ತು ಬೇಗ ಹೋಗಬೇಕು, ಸಾಧ್ಯವಾದರೆ ನಾಳೆಯೂ ರಜೆ ಬೇಕು ಎಂದ. "ಇವತ್ತು ಹೋಗಿ. ನಾಳೆ ತಿಂಗಳ ಕೊನೆ ದಿನ. ನೀವಿಲ್ಲದಿದ್ರೆ ಗಾಡಿಗೆ ಪಾಠ ಯಾರು ಹೇಳ್ತಾರೆ? ನಾನು ಹೇಳಿದ್ರೆ ಅದು ನಾನೂರು ದಾಟಲ್ಲ" ಎಂದು ಮ್ಯಾನೇಜರ್ ಫೋನಿನಿಂದ ಕಣ್ಣೆತ್ತದೆ ಹೇಳಿದ. ಹೊಗಳಿಕೆಯೋ ಬೈಗುಳವೋ ತಿಳಿಯದೆ ಅವನು ಅಲ್ಲೇ ಒಂದು ನಿಮಿಷ ನಿಂತಿದ್ದ. ಮ್ಯಾನೇಜರ್, "ಮತ್ತೇನು?" ಎಂದ. ಏನಿಲ್ಲ ಎಂದು ಹೊರಬಂದ.

ಬಿಸಿಲು ಇನ್ನೂ ಗೋಡೆಗಳಿಂದ ಇಳಿದಿರಲಿಲ್ಲ. ಅಕ್ಕನ ಮನೆಯ ಮುಂದೆ, ಚಾರ್ಜರಿನ ತಂತಿಯನ್ನು ಕಿಟಕಿಯಿಂದ ಎಳೆದುಕೊಂಡು, ಗಾಡಿ ಸಾಧುವಾಗಿ ನಿಂತಿತ್ತು. ಅಕ್ಕ ನಾಳೆಗೆಂದು ಎಲ್ಲವನ್ನೂ ಅಣಿಮಾಡಿದ್ದಳು. ಮುಂದಿನ ಸೀಟಿಗೆ ತಾನೇ ಹೊಲಿದ, ತೊಳೆಯಲು ಬರುವ ಕವಚ. ಮುಚ್ಚಳವಿರುವ ಒಂದು ಚಿಕ್ಕ ಬಕೀಟು. ಎರಡು ಟವೆಲು, ಕತ್ತಿಗೆ ಇಡಲು ಒಂದು ದಿಂಬು. "ಕೀಮೋ ಮುಗಿಸಿ ಹೊರಗೆ ಬಂದ ತಕ್ಷಣ ಹೀಗೆ ಒರಗಿಸಿಬಿಡ್ತೀನಿ. ಕಣ್ಣು ಬಿಟ್ಟರೆ ಮನೆ. ಮಧ್ಯೆ ಎಲ್ಲೂ ನಿಲ್ಲೋದೇ ಬೇಡ. ಅದೊಂದು ಆದ್ರೆ ಸಾಕಪ್ಪ ನನಗೆ" ಎಂದಳು. ಮಧ್ಯೆ ನಿಲ್ಲುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಎರಡನೆಯ ಕೀಮೋ ಮುಗಿಸಿ ಬಸ್ಸಿನಲ್ಲಿ ಬರುವಾಗ ಭಾವನಿಗೆ ವಾಂತಿಯಾಗಿ, ಮುಂದಿನ ಸೀಟಿನವರ ಮೇಲೆಲ್ಲ ಸಿಡಿದು, ಕಂಡಕ್ಟರ್ ಇಬ್ಬರನ್ನೂ ದಾರಿಯಲ್ಲೇ ಇಳಿಸಿ ಹೋಗಿದ್ದ. ಅದೇ ಹೆದ್ದಾರಿಯಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದವರು ಭಾವ. ಕಂಡಕ್ಟರ್ ಹೊಸಬ, ಅವನಿಗೆ ಗೊತ್ತಿರಲಿಲ್ಲ. ಸ್ಟಿಯರಿಂಗ್ ಹಿಡಿದಿದ್ದವನು ಮಾತ್ರ ಭಾವನ ಕೈಕೆಳಗೇ ಪಳಗಿದವನು. ಅವನು ಕನ್ನಡಿಯಲ್ಲಿ ಕೂಡ ತಿರುಗಿ ನೋಡಲಿಲ್ಲವಂತೆ. ಇಬ್ಬರೂ ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ ಕೂತಿದ್ದರು. ಅಕ್ಕ ಅವತ್ತೇ ಡ್ರೈವಿಂಗ್ ಕಲಿಯುವ ಮಾತು ತೆಗೆದದ್ದು.

"ಒಂದು ರೌಂಡ್ ಹೋಗಿ ಬರ್ತೀನಿ ಅಕ್ಕ. ಐವತ್ತು ಕಿಲೋಮೀಟರು ಓಡಿಸಿದ್ರೆ ಸರಿಹೋಗತ್ತೆ" ಎಂದ. ಏನು ಸರಿಹೋಗುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ. ಶೋರೂಮಿನಿಂದ ಹೊರಡುವಾಗ ನಿಜ ಹೇಳಿಬಿಡಬೇಕೆಂದಿದ್ದ. ಆ ಸೀಟಿನ ಕವಚದ ಅಂಚಿನ ಸಣ್ಣ ಸಣ್ಣ ಹೊಲಿಗೆ ನೋಡಿ ಅದು ಕರಗಿಹೋಯಿತು. ಭಾವ, "ನಾನೂ ಬರ್ತೀನಿ" ಎಂದು ಗೋಡೆ ಹಿಡಿದು ಎದ್ದರು. ಕಾಲರಿನೊಳಗೆ ಅವರ ಕತ್ತು ಬೇರೆ ಯಾರದೋ ಅಂಗಿ ತೊಟ್ಟವರದಂತೆ ಸಣ್ಣದಾಗಿತ್ತು. "ನೀವು ಸುಮ್ನೆ ಮಲಗಿರಿ" ಎಂದಳು ಅಕ್ಕ. "ಮಲಗೋದು ಇದ್ದದ್ದೇ ಕಣೇ" ಎಂದು ಭಾವ ಚಪ್ಪಲಿ ಹುಡುಕಿದರು.

ಅವನು ಕಿಟಕಿ ಏರಿಸಿದ, ಎಸಿ ಹಾಕಲಿಲ್ಲ, ನಲವತ್ತರಲ್ಲಿ ಎಡಕ್ಕೆ ಅಂಟಿಕೊಂಡು ಹೊರಟ. ಬೇರೆ ಹೇಗೆ ಓಡಿಸಬೇಕೆಂದು ಅವನಿಗೆ ಮರೆತೇಹೋಗಿತ್ತು. ಬದಿಯಲ್ಲಿ ಕಾರುಗಳು, ಬೈಕುಗಳು, ಒಂದು ಮದುವೆಯ ಬಸ್ಸು ಎಲ್ಲವೂ ದಾಟಿ ಹೋದವು. ಭಾವ ರಸ್ತೆಯನ್ನು ನೋಡುತ್ತಿರಲಿಲ್ಲ, ಅವನ ಬಲಗಾಲನ್ನು ನೋಡುತ್ತಿದ್ದರು. ಆ ನೋಟದ ಕೆಳಗೆ ಅವನಿಗೆ ಪಾದ ಬೆತ್ತಲಾದಂತೆನಿಸಿತು. ಅಂಕಿ ಮುನ್ನೂರ ನಲವತ್ತಾಯಿತು, ಮುನ್ನೂರ ಐವತ್ತೈದಾಯಿತು.

"ಓಡಿದ ಹಾಗೆ ಬ್ಯಾಟರಿ ಖಾಲಿಯಾಗ್ತಿದೆ. ಅಂಕಿ ಮಾತ್ರ ಏರ್ತಿದೆ" ಎಂದರು ಭಾವ.

"ಹೂಂ ಭಾವ."

"ನೀನು ಅದಕ್ಕೆ ಸುಳ್ಳು ಕಲಿಸ್ತಿದೀಯ."

ಮುಂದೆ ಸಿಗ್ನಲ್ ಕೆಂಪಾಯಿತು. ಅವನು ಬಹಳ ಮೊದಲೇ ಕಾಲು ತೆಗೆದು ಗಾಡಿ ತಾನೇ ತೆವಳಿ ನಿಲ್ಲುವಂತೆ ಮಾಡಿದ.

"ಅವಳು ಓಡಿಸಿದ್ರೆ ನಿಜವಾಗಿ ಎಷ್ಟು ಬರತ್ತೆ? ಹೆದ್ದಾರೀಲಿ, ಎಸಿ ಹಾಕಿ."

"ಮುನ್ನೂರ ನಲವತ್ತು. ಬಂದ್ರೆ."

ಭಾವ ಕಣ್ಣು ಮುಚ್ಚಿದರು. ಬೈಯುತ್ತಾರೆಂದು ಅವನು ಕಾದ, ಬೈದರೆ ಎಷ್ಟೋ ವಾಸಿ ಎಂದುಕೊಂಡ. ಭಾವ ಬೈಯಲಿಲ್ಲ, ದಾರಿ ಎಣಿಸುತ್ತಿದ್ದರು. "ಹಾಗಾದ್ರೆ ಮನೆಗೆ ನಲವತ್ತು ಇರುವಾಗ ನಿಲ್ಲತ್ತೆ. ಉದ್ದನೆ ಸೇತುವೆ ದಾಟಿ, ಇಟ್ಟಿಗೆ ಗೂಡು ಕಳೆದು, ಏರು ಶುರುವಾಗೋ ಕಡೆ. ಅಲ್ಲಿ ಒಂದು ಮರಾನೂ ಇಲ್ಲ" ಎಂದರು. ನಂತರ, "ನಮ್ಮನ್ನ ಬಸ್ಸಿಂದ ಇಳಿಸಿದ್ದೂ ಹೆಚ್ಚುಕಮ್ಮಿ ಅಲ್ಲೇ" ಎಂದರು.

ನಡುವೆ ಒಂದು ಚಾರ್ಜಿಂಗ್ ಸ್ಟೇಷನ್ ಇದೆ, ಮುಕ್ಕಾಲು ಗಂಟೆ ನಿಂತರೆ ಸಾಕು ಎಂದು ಅವನು ತೊದಲಿದ. ಇರುವ ಮೂರು ಪ್ಲಗ್ಗುಗಳಲ್ಲಿ ಎರಡು ಕೆಟ್ಟಿವೆ, ಮೂರನೆಯದಕ್ಕೆ ಯಾವಾಗಲೂ ಸಾಲು ಎಂಬುದನ್ನು ಹೇಳದೆ ಇರಲು ಹೋಗಿ, ಅದನ್ನೂ ಹೇಳಿದ. ಒಂದು ನಿಜ ಹೊರಬಿದ್ದ ಮೇಲೆ ಉಳಿದವು ನಿಲ್ಲಲಿಲ್ಲ. ಬೆಳಗಿನ ರಿಂಗ್ ರೋಡು, ಕೊಕ್ಕೆಗೆ ತೂಗುವ ಅಂಗಿ, ಮೇಷ್ಟ್ರು ಎಂಬ ಹೆಸರು, 'ಸ್ವಲ್ಪ' ಎಂದದ್ದು, ಎಲ್ಲ. ಹೇಳುತ್ತಾ ಅವನ ದನಿ ಒಡೆಯಿತು. ಆಗಲೂ ಕಾಲು ಮಾತ್ರ ಅಲುಗಲಿಲ್ಲ, ಅಂಕಿ ಮುನ್ನೂರ ತೊಂಬತ್ತು ದಾಟಿತು. "ಅಕ್ಕನಿಗೆ ಇವತ್ತೇ ಹೇಳಿಬಿಡ್ತೀನಿ ಭಾವ. ಅವಳು ಏನಾದರೂ ಅನ್ನಲಿ."

"ಹೇಳಿ?"

"ಅಂದ್ರೆ..."

"ಹೇಳಿದ್ರೆ ಏನಾಗತ್ತೆ? ಗಾಡಿ ವಾಪಸ್ ತಗೋತೀರಾ?"

"ಮುಂಗಡ ಹೋಗತ್ತೆ."

"ಮುಂಗಡ ಅಂದ್ರೆ ಅವಳ ಬಳೆ ಕಣೋ." ಭಾವ ದಿಂಬನ್ನು ಕತ್ತಿನ ಹಿಂದಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಗಾಡಿ ಅಂತೂ ಇದೇ ಇರತ್ತೆ. ನೀನು ಇರಲ್ಲ ಅಷ್ಟೇ, ಅವಳು ನಿನ್ನ ಜೊತೆ ಮಾತು ಬಿಡ್ತಾಳೆ. ನಾನು ಹೋದ ಮೇಲೆ ಅವಳಿಗೆ ಅಂತ ಇರೋನು ನೀನೊಬ್ಬ. ಹೇಳಬೇಡ."

ನಾನೇ ಬಂದು ಓಡಿಸುತ್ತೇನೆ ಎಂದ ಅವನು. "ನಾಳೆ ರಜೆ ಕೊಟ್ರಾ?" ಎಂದು ಭಾವ ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ. "ನಾಳೆ ಹೇಗೋ ಬರ್ತೀಯ ಅಂತ ಇಟ್ಕೋ. ಮೂರು ವಾರಕ್ಕೆ ಮತ್ತೆ. ಮೂರು ವರ್ಷ ಬರ್ತೀಯಾ? ಲೀಸು ಮುಗಿಯೋದ್ರೊಳಗೆ ಇಬ್ಬರಲ್ಲಿ ಯಾರು ಮೊದಲು ವಾಪಸ್ ಹೋಗ್ತೀವೋ, ಗಾಡಿಯೋ ನಾನೋ" ಎಂದು ನಕ್ಕರು. ಅಕ್ಕನಿಗೆ ಹೇಳಬೇಡ ಎಂದದ್ದು ಕೇಳಿ ತನ್ನೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಹಗುರವಾದದ್ದು ಅವನಿಗೆ ತಿಳಿಯಿತು. ಛೀ ಎನಿಸಿತು.

"ಈಗ ಮಾಡ್ತಿದೀಯಲ್ಲ, ಹೀಗೆ ಓಡಿಸಿದ್ರೆ ಎಷ್ಟು ಬರತ್ತೆ?"

"ಹೀಗೆ ಯಾರೂ ಓಡಿಸಲ್ಲ ಭಾವ."

"ಓಡಿಸಿದ್ರೆ?"

"ಐವತ್ತರಲ್ಲಿ, ಎಸಿ ಇಲ್ಲದೆ... ನಾನೂರೈವತ್ತಂತೂ ಬರತ್ತೆ."

"ಐವತ್ತು ದಾಟಬೇಡ ಅಂತ ನಾನು ಅವಳಿಗೆ ಹೇಳಬಹುದು. ಹೊಟ್ಟೆ ತೊಳಸತ್ತೆ ಅಂದ್ರೆ ನಿಧಾನ ಮಾಡ್ತಾಳೆ, ಪಾಪ. ಎಸಿ ಬೇಡ, ಚಳಿ ಅಂತೀನಿ." ಭಾವ ಇದನ್ನೆಲ್ಲ ಬಸ್ಸಿನ ಹೊಸ ರೂಟು ಕೇಳಿ ತಿಳಿದುಕೊಳ್ಳುವವರ ಹಾಗೆ ಶಾಂತವಾಗಿ ಕೇಳುತ್ತಿದ್ದರು. "ಕಿಟಕಿ?"

"ಮುಚ್ಚಿದ್ರೆ ಒಳ್ಳೇದು. ಗಾಳಿ ಒಳಗೆ ಬಂದ್ರೆ ಎಳೆತ ಜಾಸ್ತಿ."

"ಪೂರ್ತೀನಾ?"

"ಎರಡು ಬೆರಳು ತೆಗೀಬಹುದು" ಎಂದ. ಹೇಳಿದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಬೆಳಿಗ್ಗೆ ಗಾಡಿಗೆ ಹೇಳುವುದನ್ನೇ ಈಗ ಈ ಬಡಕಲು ಮನುಷ್ಯನಿಗೆ ಹೇಳುತ್ತಿದ್ದ. ಹೋಗುವಾಗ ನಾಲ್ಕು ಗಂಟೆ, ಬರುವಾಗ ಮಧ್ಯಾಹ್ನದ ಬಿಸಿಲಿನಲ್ಲಿ, ಮೈಯೆಲ್ಲ ಔಷಧಿ ತುಂಬಿಕೊಂಡು, ನಾಲ್ಕು ಗಂಟೆ. ಭಾವನ ಮೇಲ್ದುಟಿಯ ಮೇಲೆ ಆಗಲೇ ಬೆವರಿನ ಹನಿಗಳು ಸಾಲಾಗಿ ಕೂತಿದ್ದವು. ಕಿಟಕಿ ಇಳಿಸಲು ಅವನ ಬೆರಳು ಗುಂಡಿಯ ಹತ್ತಿರ ಹೋಯಿತು. ಭಾವ ಅವನ ಕೈ ಹಿಡಿದು ತಡೆದರು. "ಇರಲಿ. ಅಭ್ಯಾಸ ಆಗಬೇಕಲ್ಲ" ಎಂದರು.

ಮನೆಯ ಮುಂದೆ ಬಂದಾಗ ಅಂಕಿ ನಾನೂರ ಮೂವತ್ತಾರಿತ್ತು. ಐವತ್ತು ಕಿಲೋಮೀಟರು ಓಡಿದ ಮೇಲೆ ಹೊರಟಾಗಿನದಕ್ಕಿಂತ ಹೆಚ್ಚುಕಡಿಮೆ ನೂರು ಹೆಚ್ಚು. ಅಕ್ಕ ಬಾಗಿಲಲ್ಲೇ ಕಾದಿದ್ದಳು, ಓಡಿಬಂದು ಒಳಗೆ ಬಗ್ಗಿ ನೋಡಿದಳು. "ಅಬ್ಬಾ! ಚಾರ್ಜಿಗೆ ಹಾಕಿದ್ರೆ ಇನ್ನೂ ಏರತ್ತೆ ಅಲ್ವೇನೋ? ನೋಡ್ರೀ, ಕೈಗುಣ ಅಂದ್ರೆ ಇದು. ಚಿಕ್ಕವನಿದ್ದಾಗ ಇವನು ಮುಟ್ಟಿದ ರೇಡಿಯೋ ಕೂಡ ಹಾಡ್ತಿತ್ತು" ಎಂದು ಅವನ ಕೆನ್ನೆ ಹಿಂಡಿದಳು. ಅವಳ ಮಣಿಕಟ್ಟು ಬರಿದಾಗಿತ್ತು. ಇಷ್ಟು ದಿನ ಅದನ್ನು ನೋಡಿಯೇ ಇರಲಿಲ್ಲ ಅವನು. ಹೇಳಿಬಿಡಬೇಕು ಎಂದು ಬಾಯಿ ತೆರೆದ. ಗಾಡಿಯ ಆ ಬದಿಯಿಂದ ಭಾವ ನೋಡುತ್ತಿದ್ದರು. ಬಾಯಿ ಮುಚ್ಚಿ, ಚಾರ್ಜರಿನ ತಂತಿ ಎತ್ತಿಕೊಂಡು ಗಾಡಿಗೆ ಚುಚ್ಚಿದ. ಸಣ್ಣ ಹಸಿರು ದೀಪ ಮಿನುಗತೊಡಗಿತು.

"ಲೇ," ಎಂದರು ಭಾವ ಮೆಟ್ಟಿಲ ಮೇಲೆ ಕೂತು, "ನಾಳೆ ಎಸಿ ಹಾಕಬೇಡ ಕಣೇ. ನಂಗ್ಯಾಕೋ ಚಳಿ."

"ಚಳೀನಾ? ಈ ಸೆಖೇಲಿ?" ಅಕ್ಕ ಗಾಬರಿಯಾಗಿ ಅವರ ಹಣೆ ಮುಟ್ಟಿದಳು. ಒದ್ದೆಯಾದ ತನ್ನ ಅಂಗೈಯನ್ನೇ ನೋಡಿಕೊಂಡಳು. "ಚಳಿ ಅಂತೀರ, ಮೈ ನೋಡಿದ್ರೆ ಬೆವರ್ತಿದೆ. ಇದು ಹೊಸದಾಗಿ ಶುರುವಾಗಿದೆ. ನಾಳೆ ಡಾಕ್ಟರಿಗೆ ಮೊದಲು ಇದನ್ನೇ ಹೇಳಬೇಕು. ನೀನೂ ನೆನಪಿಸೋ ಪುಟ್ಟ, ಬೆಳಿಗ್ಗೆ ಫೋನ್ ಮಾಡಿ ನೆನಪಿಸು" ಎನ್ನುತ್ತಾ ಒಳಗೆ ಹೋದಳು.

ಅವನು ನೆನಪಿಸುತ್ತೇನೆ ಎಂದ. ಅಕ್ಕ ಭಾವನ ಕಂದು ಬಣ್ಣದ ಉಣ್ಣೆಯ ಸ್ವೆಟರು ತಂದಳು. ಭಾವ ಅವನ ಕಡೆ ನೋಡದೆ ಎರಡೂ ಕೈ ಚಾಚಿ ತೊಡಿಸಿಕೊಂಡರು. ಅಕ್ಕ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆಳಗಿನಿಂದ ಶುರುಮಾಡಿ ಕತ್ತಿನವರೆಗೆ, ಒಂದೊಂದೇ ಗುಂಡಿ ಹಾಕಿದಳು.